ಅವ್ವನಿಗೆ ಹೇಳದೆ ಕೊಟ್ಟ ಮಾತು

ನಮ್ಮೂರಲ್ಲಿ ಒಬ್ಬ ಹುಡುಗಿ ಸಿಸ್ಟರ್ ಆಗಲು ಹೊರಟಳೆಂದರೆ ಅದು ಮದುವೆಗಿಂತ ದೊಡ್ಡ ಸಂಭ್ರಮ. ನಮ್ಮದು ಮಧುಗಿರಿ ತಾಲ್ಲೂಕು, ಪುರವರದಿಂದ ಒಳಗೆ ಹೋದರೆ ಸಿಗುವ ಊರು. ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದ ಹಿಂದೂಗಳ ಮನೆಗಳೇ ಹೆಚ್ಚು. ನಡುವೆ ಬೆರಳೆಣಿಕೆಯಷ್ಟು ಕಥೋಲಿಕರ ಮನೆ, ಒಂದು ಹೆಂಚಿನ ಗುಡಿ; ಚರ್ಚನ್ನು ನಾವು ಹಾಗೇ ಕರೆಯುವುದು. ಮಧುಗಿರಿಯಿಂದ ಸ್ವಾಮಿಗಳು, ಅಂದರೆ ಫಾದರ್, ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ, ಯಾರದಾದರೂ ಮನೆಯಲ್ಲಿ ಊಟ ಮಾಡಿ ಹೋಗುತ್ತಾರೆ. ಇಂಥ ಊರಿನಿಂದ ಒಬ್ಬಳು ಕಾನ್ವೆಂಟಿಗೆ ಹೊರಟಾಗ ಅವಳಿಗೆ ಹೊಸ ಸೀರೆ ಉಡಿಸಿ, ಹಾರ ಹಾಕಿ, ಗುಡಿಯಲ್ಲಿ ನಿಲ್ಲಿಸುತ್ತಾರೆ. ತಾಯಿಯಾದವಳು ಮಗಳ ಕೈ ಹಿಡಿದು ಸ್ವಾಮಿಗಳ ಕೈಗೆ ಒಪ್ಪಿಸಬೇಕು. ಇದು ಧರ್ಮಸಭೆಯ ಯಾವ ಪುಸ್ತಕದಲ್ಲೂ ಇಲ್ಲ. ಅಕ್ಕಪಕ್ಕದ ಮನೆಗಳ ಧಾರೆ ನೋಡಿ ನಮ್ಮ ಅಜ್ಜಿಯರು ಮಾಡಿಕೊಂಡ ಪದ್ಧತಿ ಇರಬೇಕು.

ನನ್ನನ್ನೂ ಹಾಗೇ ಒಪ್ಪಿಸಿದ್ದರು. ಪಿಯುಸಿ ಮುಗಿದಿತ್ತು. ಅವ್ವ ನನ್ನ ಕೈಯನ್ನು ಸ್ವಾಮಿಗಳ ಕೈಯಲ್ಲಿಟ್ಟು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅಂದಿನಿಂದ ಗುಡಿಯಲ್ಲಿ ಮುಂದಿನ ಸಾಲು ಅವಳದಾಯಿತು. ಯಾರೂ ಹಾಗೆಂದು ಹೇಳಿದ್ದಲ್ಲ. ಸಿಸ್ಟರ್ ತಾಯಿ ಎಂದು ಜನ ತಾವೇ ಸರಿದು ಜಾಗ ಬಿಟ್ಟರು.

ವ್ರತ ತೆಗೆದುಕೊಳ್ಳುವ ಮುಂಚೆಯೇ ಕಾನ್ವೆಂಟಿನವರು ನನ್ನನ್ನು ವಾಪಸ್ ಕಳಿಸಿದರು. ನಾನೇನೂ ತಪ್ಪು ಮಾಡಿರಲಿಲ್ಲ. ಹಾಗಿದ್ದರೆ ಒಂಥರಾ ಸುಲಭವಾಗುತ್ತಿತ್ತು, ಕೇಳಿದವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ನಮ್ಮನ್ನು ತಯಾರು ಮಾಡುತ್ತಿದ್ದ ಹಿರಿಯ ಸಿಸ್ಟರ್ ಹತ್ತಿರ ಕೂರಿಸಿಕೊಂಡು, "ನೀನು ಒಳ್ಳೆಯವಳೇ ಮಗಳೇ, ಆದರೆ ವಿಧೇಯತೆಯ ವ್ರತ ನಿನ್ನಿಂದ ಆಗಲಿಕ್ಕಿಲ್ಲ" ಎಂದರು. ಆಗುತ್ತದೆ ಎಂದು ನಾನು ವಾದಕ್ಕೆ ನಿಂತೆ. ಅಲ್ಲಿಗೆ ಅವರ ಮಾತೇ ಸರಿ ಎಂದಾಯಿತು.

ವಾಪಸ್ ಬಂದವಳನ್ನು ಏನು ಮಾಡಬೇಕು ಎನ್ನುವುದಕ್ಕೆ ನಮ್ಮಲ್ಲಿ ಪದ್ಧತಿ ಇಲ್ಲ. ಹಾರವಿಲ್ಲ, ಬೈಗುಳವೂ ಇಲ್ಲ. ಕೇಳಿದವರಿಗೆಲ್ಲ ಅವ್ವ, "ರಜಕ್ಕೆ ಬಂದವ್ಳೆ" ಎಂದಳು. ಆ ರಜ ನನ್ನ ಮದುವೆಯ ತನಕ ನಡೆಯಿತು. ಅಷ್ಟೂ ದಿನ ಅವ್ವ ಗುಡಿಯಲ್ಲಿ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ಕೂರುತ್ತಿದ್ದಳು, ಪೂಜೆ ಮುಗಿಯುವಷ್ಟರಲ್ಲಿ ಎದ್ದು ಹೋಗುತ್ತಿದ್ದಳು. ಅದಕ್ಕೂ ಯಾರೂ ಹೇಳಿರಲಿಲ್ಲ. ಅವಳಿಗೆ ನನ್ನಿಂದ ನಾಚಿಕೆಯಾಯಿತು ಎಂದು ನಾನು ಅಂದುಕೊಂಡೆ, ಅದನ್ನೇ ನಂಬಿಕೊಂಡು ಬಂದೆ.

ಮದುವೆಯಾಗಿ ಶಿರಾಕ್ಕೆ ಬಂದೆ. ನನ್ನ ಗಂಡನದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರುಗಳನ್ನು ಬಿಚ್ಚಿ ತಾಮ್ರದ ತಂತಿ ಸುತ್ತಿ ಕಳಿಸುತ್ತಾರೆ. ಮಾತು ಕಡಿಮೆ, ತಮಾಷೆ ಹೆಚ್ಚು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮೇಡಂಗೆ ಸಿಟ್ಟು ಜಾಸ್ತಿ ಎಂದು ಮಕ್ಕಳು ಹೇಳುವುದು ನನ್ನ ಕಿವಿಗೂ ಬಿದ್ದಿದೆ. ಒಬ್ಬಳೇ ಮಗಳು, ಅವಳನ್ನು ಕೊರಟಗೆರೆಗೆ ಕೊಟ್ಟಿದ್ದೇವೆ. ಅವಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದರೂ ನಮ್ಮ ಕ್ರೈಸ್ತರ ಮದುವೆ ನಾಮಕರಣಗಳಲ್ಲಿ ನಾನು ಯಾರೆಂದು ಒಬ್ಬರು ಇನ್ನೊಬ್ಬರಿಗೆ ಹೇಳುವಾಗ ದನಿ ತಗ್ಗುತ್ತಿತ್ತು. "ಸಿಸ್ಟರ್ ಆಗೋಕೆ ಹೋಗಿದ್ದಲ್ಲ, ಆ ಹುಡುಗಿ." ಐವತ್ತರ ಹತ್ತಿರ ಬಂದರೂ ನಾನು ಆ ಹುಡುಗಿಯೇ. ಕೇಳಿಸಿದ್ದೂ ಕೇಳಿಸದ ಹಾಗೆ ಪಾಯಸ ಬಡಿಸಿಕೊಳ್ಳುವುದನ್ನು ಅಷ್ಟರಲ್ಲಿ ಚೆನ್ನಾಗಿ ಕಲಿತಿದ್ದೆ.

ಹೀಗಿರುವಾಗ ಒಂದು ಭಾನುವಾರ ನಮ್ಮ ಚರ್ಚಿಗೆ ಹೊರಗಿನ ಗುರುಗಳೊಬ್ಬರು ಬಂದು ಪ್ರಸಂಗ ಮಾಡಿದರು. ಮಠಕ್ಕೆ ಹೋಗದೆಯೂ ಮಠದ ದಾರಿ ಹಿಡಿಯಬಹುದು ಎಂದರು. ಸಂತರು ಕಟ್ಟಿದ ದೊಡ್ಡ ದೊಡ್ಡ ಸಭೆಗಳಿಗೆಲ್ಲ ಮೂರು ಕವಲು. ಮೊದಲನೆಯದು ಗುರುಗಳಿಗೆ, ಎರಡನೆಯದು ಕನ್ಯಾಸ್ತ್ರೀಯರಿಗೆ, ಮೂರನೆಯದು ನಮ್ಮಂಥ ಸಂಸಾರಿಗಳಿಗೆ. ಕೆಲವರು ಕೊರಳಿಗೆ ಎರಡು ಪುಟ್ಟ ಬಟ್ಟೆ ತುಂಡುಗಳ ಉತ್ತರೀಯ ಹಾಕಿಕೊಂಡು ಮಾತೆಯ ಹೆಸರಿನ ಸಭೆ ಸೇರುತ್ತಾರೆ. ಕೆಲವರು ಒಂದು ಮಠಕ್ಕೆ ತಮ್ಮನ್ನು ಒಪ್ಪಿಸಿಕೊಂಡು, ಅಲ್ಲಿನ ಸನ್ಯಾಸಿಗಳು ಮಾಡುವ ಪ್ರಾರ್ಥನೆಯನ್ನೇ ತಮ್ಮ ಮನೆಯಲ್ಲಿ ಮಾಡುತ್ತಾರೆ. ಕೆಲವರು ಬಡವರ ಸಂತನ ನಿಯಮ ಹಿಡಿದು ಸರಳವಾಗಿ ಬಾಳುತ್ತಾರೆ. ಹೆಂಡತಿ ಗಂಡನನ್ನು ಬಿಡಬೇಕಿಲ್ಲ, ಅಂಗಡಿಯವನು ಅಂಗಡಿ ಮುಚ್ಚಬೇಕಿಲ್ಲ. ಬೆಳಿಗ್ಗೆ ಸಂಜೆ ಕೀರ್ತನೆಗಳನ್ನು ಹೇಳಿಕೊಂಡು, ತಿಂಗಳಿಗೊಮ್ಮೆ ಕೂಡಿ, ಕೈಲಾದ ಸೇವೆ ಮಾಡಿದರೆ ಸಾಕು. ಕೆಲವು ಕಾಲ ನಿಮ್ಮನ್ನು ನೋಡುತ್ತಾರೆ, ನೀವೂ ಅವರನ್ನು ನೋಡುತ್ತೀರಿ. ಆಮೇಲೆ ಪೀಠದ ಮುಂದೆ ನಿಂತು ಜೀವನಪೂರ್ತಿಗೆ ಮಾತು ಕೊಡುವುದು.

ನಾನು ತಲೆ ತಗ್ಗಿಸಿ ಕೂತಿದ್ದೆ. ಇಡೀ ಚರ್ಚು ನನ್ನನ್ನೇ ನೋಡುತ್ತಿದೆ ಎನ್ನಿಸಿತು. ನಿಜ ಹೇಳಬೇಕೆಂದರೆ ಯಾರೂ ನೋಡುತ್ತಿರಲಿಲ್ಲ, ಅರ್ಧ ಜನ ತೂಕಡಿಸುತ್ತಿದ್ದರು. ಆದರೆ ಆಸೆಯಾಗಿತ್ತಲ್ಲ, ಅದಕ್ಕೇ ನಾಚಿಕೆ. ಒಂದು ಸಲ ಬೇಡವೆನ್ನಿಸಿಕೊಂಡವಳು ಮತ್ತೆ ಅದೇ ಮನೆಯ ಹಿತ್ತಲ ಬಾಗಿಲು ತಟ್ಟಿದ ಹಾಗೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮೀನು ಬಿಡಿಸಿಕೊಂಡು ತಿನ್ನುತ್ತಾ, "ಮೊದಲೇ ಅರ್ಧ ಸಿಸ್ಟರ್ ಇದೀಯ. ಇನ್ನರ್ಧವೂ ಆಗಿಬಿಡು, ಕಾಫಿ ಮಾತ್ರ ನಿಲ್ಲಿಸಬೇಡ" ಎಂದರು. ಅವರ ಒಪ್ಪಿಗೆ ಬರುವುದೇ ಹೀಗೆ.

ಬಡವರ ಸಂತನ ನಿಯಮ ಹಿಡಿದ ಸಂಸಾರಿಗಳ ಗುಂಪು ಸೇರಿದೆ. ಅದರಲ್ಲಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಕಡೆಯವರಿದ್ದೆವು. ಒಂದೊಂದು ತಿಂಗಳು ಒಂದೊಂದು ಊರಿನಲ್ಲಿ ಕೂಡುತ್ತಿದ್ದೆವು. ಗುಂಪಿನ ಹಿರಿಯರು ಪಾವಗಡದ ತಿರುಮಣಿ ಕಡೆಯ ಒಬ್ಬ ರೈತರು. ಅವರ ಹೊಲವೆಲ್ಲ ಸೋಲಾರ್‌ಗೆ ಗುತ್ತಿಗೆ ಹೋಗಿತ್ತು. "ನಮ್ ಹೊಲದಾಗೆ ಈಗ ಬಿಸ್ಲು ಬೆಳೀತದೆ, ಕಳೆ ಕೀಳೋ ಕೆಲ್ಸ ಇಲ್ಲ, ಅದ್ಕೇ ದೇವ್ರ ಹತ್ರ ಬಂದ್ಬುಟ್ಟೆ" ಎಂದು ನಗಿಸುತ್ತಿದ್ದರು. ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುವ ಮನುಷ್ಯ, ಪ್ರಾರ್ಥನೆಗೆ ಕೂತರೆ ಮಾತ್ರ ಕಲ್ಲು. ನನ್ನ ಹಳೆಯ ಕಥೆ ಅವರಿಗೆ ನಾನೇ ಹೇಳಿದೆ. "ಅದಕ್ಕೇನಮ್ಮಾ" ಎಂದರು, ಅಷ್ಟೇ. ಅಷ್ಟು ಸಣ್ಣ ಉತ್ತರ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ನಮ್ಮ ಬೀದಿಯಲ್ಲಿ ಸುದ್ದಿ ಬೇರೆ ಥರ ಹಬ್ಬಿತು. ಗಂಡನ ಅಂಗಡಿಯ ಎದುರು ಟೈರ್ ಅಂಗಡಿ ಇಟ್ಟುಕೊಂಡಿರುವ ಸಾಬರು ಒಂದು ದಿನ ಬಂದು, "ಏನ್ ಭಾಯ್, ಭಾಬಿ ಮಠ ಸೇರ್ಕೊಂತಾರಂತೆ, ಸಚ್ಚಾ?" ಎಂದು ಗಂಭೀರವಾಗಿ ಕೇಳಿದರಂತೆ. "ಮನೆಯಲ್ಲಿ ಏನಾದರೂ ಜಗಳಾನಾ" ಎಂದೂ ಕೇಳಿದರಂತೆ. ಗಂಡ ನಗುತ್ತಾ ಹೇಳಿದರೂ ನನಗೆ ಮುಖ ಬಿಸಿಯಾಯಿತು. ನಮ್ಮ ಚರ್ಚಿನ ಹೆಂಗಸರೂ ಹೆಚ್ಚು ಕಡಿಮೆ ಅದನ್ನೇ ಕೇಳುತ್ತಿದ್ದರು. ಸರಿಯಾಗಿ ಅರ್ಥ ಮಾಡಿಕೊಂಡದ್ದು ಪಕ್ಕದ ಮನೆಯಾಕೆ ಒಬ್ಬರೇ. ಅವರು ಲಿಂಗಾಯತರು, ದಿನಾ ಬೆಳಿಗ್ಗೆ ಲಿಂಗಪೂಜೆ ಆಗದೆ ಒಲೆ ಹಚ್ಚುವವರಲ್ಲ. ಅವರು ಸೊಪ್ಪು ಬಿಡಿಸುತ್ತಾ, "ಇದ್ರಾಗೇನು ಐತೆ? ನಮ್ಮಲ್ಲೂ ಅಯ್ನೋರು ದೀಕ್ಷೆ ಕೊಡ್ತಾರೆ. ದೀಕ್ಷೆ ತಗಂಡೋರೆಲ್ಲ ಮಠಕ್ಕೆ ಹೋದ್ರೆ ಮುದ್ದೆ ತಿರುವೋರು ಯಾರು?" ಎಂದರು. ಗುರುಗಳ ಇಡೀ ಪ್ರಸಂಗ ಅದರಲ್ಲಿ ಮುಗಿದಿತ್ತು.

ಅವ್ವನಿಗೆ ಆ ಮಾತನ್ನಾದರೂ ಕಡ ತೆಗೆದುಕೊಂಡು ಹೇಳಬಹುದಿತ್ತು. ಹೇಳಲಿಲ್ಲ.

ಅವ್ವ ಊರಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಮೊಮ್ಮಕ್ಕಳು, ಎಮ್ಮೆ, ಹಿತ್ತಲು ಎಂದು ಓಡಾಡಿಕೊಂಡಿರುವ ಗಟ್ಟಿ ಜೀವ. ನಾವು ಮಾತು ಕೊಡುವ ದಿನ ಗೊತ್ತಾದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. ಸ್ಪೀಕರಿಗೆ ಹಾಕಿದ್ದರು. ಶಿರಾ ಚರ್ಚಿನಲ್ಲಿ ಪೀಠದ ಮುಂದೆ ನಿಂತು ಮಾತು ಕೊಡುತ್ತೇನೆ, ನಾನು ಹಿಂದೆ ಇದ್ದ ಕಾನ್ವೆಂಟಿನ ಸಿಸ್ಟರುಗಳೂ ಬರುತ್ತಾರೆ ಎಂದೆ. ಅವರದೂ ಅದೇ ಸಂತನ ದಾರಿಯಾದ್ದರಿಂದ ಅವರನ್ನು ಕರೆದಿದ್ದೆವು. ಆ ಕಡೆಯಿಂದ ಅವ್ವನ ದನಿ ಬಂತು.

"ಅವ್ರೇ ಬತ್ತಾರಾ? ಅವ್ರೇ ಬಂದು ಕರ್ಕಂಡು ಹೋಯ್ತಾರಾ ಮಗ?"

ಅವಳ ಲೆಕ್ಕ ತಪ್ಪೆನ್ನುವ ಹಾಗಿರಲಿಲ್ಲ. ಮದುಮಗಳಲ್ಲದ ಹೆಂಗಸು ಪೀಠದ ಮುಂದೆ ನಿಂತು ಜೀವನಪೂರ್ತಿಗೆ ಮಾತು ಕೊಡುವುದನ್ನು ಅವಳು ಒಂದೇ ಥರದಲ್ಲಿ ನೋಡಿದ್ದಳು. ಮೂರನೆಯ ಕವಲು ನಮ್ಮೂರಿಗೆ ಬಂದೇ ಇರಲಿಲ್ಲ. ಗಂಡನಿದ್ದಾನಲ್ಲ ಎನ್ನುವುದಕ್ಕೂ ಅವಳ ಹತ್ತಿರ ಉತ್ತರವಿತ್ತು. "ಮಗಳ್ನ ಮದ್ವೆ ಮಾಡ್ಕೊಟ್ರಿ, ಇನ್ನೇನು ಕೆಲ್ಸ ಐತೆ ಮನೇಲಿ. ಅಳಿಯಂದ್ರು ಬಂಗಾರದಂಥೋರು, ಬುಟ್ಕೊಟ್ರಲ್ಲ." ಹೀಗೆ ಹೇಳಿ ಅಳುವುದಕ್ಕೆ ಶುರು ಮಾಡಿದಳು. ಅದು ಸಂತೋಷದ ಅಳು. ನನಗಾಗಿ ಅವಳು ಹಾಗೆ ಅತ್ತದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ.

ಹಾಗಲ್ಲ ಕಣವ್ವ ಎನ್ನಲು ಬಾಯಿ ತೆರೆದೆ. "ನೀನು ಬರ್ತೀಯಲ್ಲವ್ವ?" ಎಂದೆ.

ದಿನಾ ಐವತ್ತು ಮಕ್ಕಳಿಗೆ ಸಂಧಿ ಸಮಾಸ ಅರ್ಥ ಮಾಡಿಸುವವಳಿಗೆ ಹೆತ್ತವ್ವನಿಗೆ ಒಂದು ವಾಕ್ಯ ಹೇಳಲಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಗೊತ್ತಿರಲಿಲ್ಲ ಎಂದಲ್ಲ. ಹೇಳಿದರೆ ಅವಳ ಸಂತೋಷ ಅಲ್ಲೇ ಆರಿಹೋಗುತ್ತದೆ, "ಓ, ಅಷ್ಟೇನಾ" ಎಂದುಬಿಡುತ್ತಾಳೆ ಎಂದು ಹೆದರಿದೆ. ಇನ್ನೂ ಒಂದಿದೆ, ಬರೆಯಲು ಕೈ ಹಿಂಜರಿಯುತ್ತದೆ. ನನಗೆ ಅದು ಹಿತವಾಗಿತ್ತು. ಸಿಸ್ಟರ್ ತಾಯಿ ಎಂದು ಅವಳು ಮತ್ತೆ ಬೀಗುವುದು ನನಗೂ ಬೇಕಾಗಿತ್ತು.

ಹೇಳಲೇಬೇಕೆಂದು ಒಂದು ಸಲ ಊರಿಗೂ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಅವ್ವಾ, ನಾನು ಮನೆಯಲ್ಲೇ ಇರ್ತೀನಿ, ಆದರೆ ದೇವರಿಗೆ ಮಾತು ಕೊಟ್ಟು ಇರ್ತೀನಿ. ಇಷ್ಟೇ. ಅಂಗಳದಲ್ಲಿ ಕಡಲೆಕಾಯಿ ಗಿಡ ರಾಶಿ ಹಾಕಿಕೊಂಡು ಅವ್ವ ಮತ್ತು ಕೇರಿಯ ಹೆಂಗಸರು ಕಾಯಿ ಬಿಡಿಸುತ್ತಿದ್ದರು. ಎಲ್ಲರ ಕೈಯಲ್ಲೂ ಕೆಮ್ಮಣ್ಣು. ನನ್ನನ್ನು ಕಂಡದ್ದೇ ಒಬ್ಬಾಕೆ ಎದ್ದು ನಿಂತಳು. ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದು ಓಡಿಸುತ್ತಿದ್ದವಳು, ಈಗ ಸೆರಗು ಸರಿಮಾಡಿಕೊಂಡು ಸೀನಿಯರ್ ಸಿಸ್ಟರ್ ಬಂದ ಹಾಗೆ ಕೈ ಮುಗಿದಳು.

"ಕೂತ್ಕಳಮ್ಮ, ಇದೇನು" ಎಂದೆ.

"ಇನ್ಮ್ಯಾಕೆ ನಿಮ್ಮನ್ನ ಹೆಂಗೆ ಕರೀಬೇಕೋ ಏನೋ" ಎಂದು ಅವಳು ನಾಚಿದಳು. ಅದುವರೆಗೆ ಅವಳು ನನಗೆ ಹೋಗೇ ಬಾರೇ ಎನ್ನುತ್ತಿದ್ದವಳು.

ಅವ್ವ ಪಕ್ಕದಲ್ಲಿ ಗೋಣಿ ಹಾಸಿದಳು. ನಾನೂ ಕೂತು ಕಾಯಿ ಬಿಡಿಸತೊಡಗಿದೆ. ಕೇರಿಯವರೆಲ್ಲ ಟೆಂಪೊ ಮಾಡಿಕೊಂಡು ಬರುವುದಾಗಿ ಮಾತಾಗಿತ್ತು. ಹಾರಕ್ಕೆ ಶಿರಾದ ಹೂವು ಚೆನ್ನಾಗಿರುತ್ತದೋ ಮಧುಗಿರಿಯದೋ ಎಂದು ಚರ್ಚೆ ನಡೆಯಿತು. ಅವ್ವ ನಡುನಡುವೆ ನನ್ನ ಮುಖ ನೋಡುತ್ತಿದ್ದಳು. ನಾನು ಕಾನ್ವೆಂಟಿನಿಂದ ವಾಪಸ್ ಬಂದಾಗಿನಿಂದ ಅವಳು ನನ್ನನ್ನು ನೋಡುವಾಗ ಕಣ್ಣಲ್ಲಿ ಒಂದು ಕನಿಕರ ಇರುತ್ತಿತ್ತು, ಅದು ಆವತ್ತು ಇರಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ, "ಅವ್ವಾ, ಒಂದು ಮಾತು" ಎಂದೆ. "ಏನ್ಲಾ ಮಗ?" ಎಂದು ತಿರುಗಿದಳು. ನಮ್ಮಲ್ಲಿ ಮುದ್ದು ಬಂದರೆ ಹೆಣ್ಣುಮಕ್ಕಳಿಗೂ ಲಾ ಅನ್ನುತ್ತಾರೆ.

"ಬಿಸಿಲಲ್ಲಿ ಜಾಸ್ತಿ ಕೂರಬೇಡ" ಎಂದೆ. ಸಂಜೆಯ ಬಸ್ಸಿಗೆ ವಾಪಸ್ ಬಂದೆ.

ಮಾತು ಕೊಡುವ ಮುಂಚಿನ ಕೂಟದಲ್ಲಿ ಪಾವಗಡದ ಹಿರಿಯರು ಒಬ್ಬೊಬ್ಬರನ್ನೇ ಕರೆದು ಕೇಳಿದರು. "ಏಮ್ಮಾ, ಇಂಟ್ಲೋ ಚೆಪ್ಪಿನಾವಾ? ಮನೇಲಿ ಎಲ್ರಿಗೂ ಸರ್ಯಾಗಿ ಹೇಳಿದೀಯಾ? ಕದ್ದು ಮಾಡೋ ಕೆಲ್ಸ ಅಲ್ಲ ಇದು." ಎಲ್ಲರಿಗೂ ಗೊತ್ತು ಎಂದೆ. ಅವರು ಖುಷಿಯಾಗಿ ತಲೆಯಾಡಿಸಿದರು. ಅವರ ಕಣ್ಣು ತಪ್ಪಿಸಲು ನಾನು ಕೀರ್ತನೆಯ ಪುಸ್ತಕ ತೆರೆದೆ.

ಆ ಭಾನುವಾರ ಬಂದೇ ಬಂತು. ನಾನು ಗಂಡನ ಜೊತೆ ಸ್ಕೂಟರಿನಲ್ಲಿ ಚರ್ಚು ತಲುಪುವಷ್ಟರಲ್ಲಿ ಊರಿನ ಟೆಂಪೊ ಬಂದು ನಿಂತಿತ್ತು. ಗಾಡಿಯ ಮುಂದೆ ಸೇವಂತಿಗೆ ಹಾರ, ಬಾಳೆಕಂದು. ಚರ್ಚಿನ ಕಾಂಪೌಂಡಿಗೆ ಕೇರಿಯ ಹುಡುಗರು ಒಂದು ಫ್ಲೆಕ್ಸ್ ಕಟ್ಟುತ್ತಿದ್ದರು. ಅದರಲ್ಲಿ ನನ್ನ ಆಧಾರ್ ಕಾರ್ಡಿನ ಮುಖವೇ ದೊಡ್ಡದಾಗಿ, ಸುತ್ತ ಬೆಳಕಿನ ಕಿರಣ, ಕೆಳಗೆ ಸಿಸ್ಟರ್ ಅವರಿಗೆ ಅಭಿನಂದನೆಗಳು ಎಂದಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಶಾಲೆಯ ಇಬ್ಬರು ಟೀಚರುಗಳು ಬಂದಿದ್ದರು. ಅವರು ಫ್ಲೆಕ್ಸ್ ನೋಡಿದರು, ನನ್ನ ಗಂಡನನ್ನು ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು.

ಗಂಡ ಹೆಲ್ಮೆಟ್ ತೆಗೆದು ಫ್ಲೆಕ್ಸನ್ನು ಒಂದು ಗಳಿಗೆ ಓದಿದರು. "ಅತ್ತೆಗೆ ಹೇಳಿಲ್ವಾ ನೀನು?" ಎಂದರು. ತಮಾಷೆ ಇರಲಿಲ್ಲ. "ಈಗಲಾದರೂ ಹೋಗಿ ಹೇಳು. ಇನ್ನೂ ಗಂಟೆ ಹೊಡೆದಿಲ್ಲ."

ಹೋದೆ. ಅವ್ವ ಆಗಲೇ ಒಳಗೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹೊಸ ಸೀರೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಪಕ್ಕದಲ್ಲಿ ಕಾನ್ವೆಂಟಿನ ಸಿಸ್ಟರುಗಳು. ಅವರಲ್ಲೊಬ್ಬರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳುತ್ತಿದ್ದಳು. ಆ ಸಿಸ್ಟರ್ ಮಲಯಾಳಿ, ಅರ್ಧ ಅರ್ಥವಾಗಿ ನಗುತ್ತಿದ್ದರು. ಅಷ್ಟು ಜನರ ಮಧ್ಯೆ ಅವಳನ್ನು ಹೇಗೆ ಎಬ್ಬಿಸುವುದು? ನಾನು ಕಂಬದ ಹತ್ತಿರ ನಿಂತೆ, ಗಂಟೆ ಹೊಡೆಯಿತು, ಪೂಜೆ ಶುರುವಾಯಿತು.

ಪ್ರಸಂಗದ ನಂತರ ಹಿರಿಯರು ಒಬ್ಬೊಬ್ಬರ ಹೆಸರನ್ನೇ ಕರೆದರು. "ಇಗೋ ಬಂದಿದ್ದೇನೆ" ಎಂದು ಪೀಠದ ಮುಂದೆ ಹೋಗಿ ನಿಲ್ಲಬೇಕು. ನನ್ನ ಹೆಸರು ಬಂತು. ನಾನು ಎರಡು ಹೆಜ್ಜೆ ಇಟ್ಟಿರಬೇಕು, ಅಷ್ಟರಲ್ಲಿ ಅವ್ವ ಬೆಂಚಿನಿಂದ ಎದ್ದು ನಡುವೆ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ. ಇಂಥದ್ದು ಈ ವಿಧಿಯಲ್ಲಿ ಇಲ್ಲವೇ ಇಲ್ಲ. ಆದರೆ ಮಗಳನ್ನು ತಾಯಿ ಒಪ್ಪಿಸದೆ ಇನ್ನು ಯಾರು ಒಪ್ಪಿಸಬೇಕು? ಅವಳು ನನ್ನ ಬಲಗೈ ಹಿಡಿದು ಪೀಠದ ಮೆಟ್ಟಿಲ ತನಕ ನಡೆಸಿಕೊಂಡು ಹೋದಳು. ಗುರುಗಳು ಇನ್ನೂ ಚಿಕ್ಕ ವಯಸ್ಸಿನವರು, ಏನೂ ತೋಚದೆ ಕೈ ಮುಂದೆ ಚಾಚಿದರು. ಅವ್ವ ನನ್ನ ಕೈಯನ್ನು ಅವರ ಕೈಯಲ್ಲಿಟ್ಟಳು. ಇಟ್ಟಮೇಲೂ ಬಿಡಲಿಲ್ಲ.

"ಈ ಸಲ ವಾಪಸ್ ಕಳಿಸ್ಬ್ಯಾಡಿ ಸ್ವಾಮಿ" ಎಂದಳು. "ಹೋದ್ ಸಲ ಬಾಳ ನೊಂದ್ಕತು ಮಗ."

ಗುರುಗಳ ಕೊರಳಿಗೆ ಸಿಕ್ಕಿಸಿದ್ದ ಮೈಕು ಅದನ್ನು ಇಡೀ ಚರ್ಚಿಗೆ ಕೇಳಿಸಿತು. ಹಿಂದೆ ಯಾರೋ ಕೆಮ್ಮಿದರು. ಆಗ ನಾನು ಮಾಡಿದ್ದು ಇದು: ಅವ್ವನ ಹಿಡಿತದಿಂದ ಕೈ ಕಿತ್ತುಕೊಂಡೆ. ಮೆತ್ತಗೆ ಅಲ್ಲ. "ಹೋಗಿ ಕೂತ್ಕೊ" ಎಂದೆ, ತರಗತಿಯಲ್ಲಿ ಹೇಳುವ ದನಿಯಲ್ಲಿ. ಅವಳು ಹೋಗಿ ಕೂತಳು. ಮಾತು ಕೇಳುವ ವ್ರತ ನಮ್ಮಿಬ್ಬರಲ್ಲಿ ಯಾರಿಗೆ ಬಂದಿತ್ತು ಎಂದು ಕಾನ್ವೆಂಟಿನ ಸಿಸ್ಟರುಗಳು ಆವತ್ತು ಕಣ್ಣಾರೆ ನೋಡಿದರು.

ಆಮೇಲೆ ಓದಬೇಕಾದ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಬಾಯಿಪಾಠವಾಗಿದ್ದ ಮಾತುಗಳೇ. "ನನ್ನ ಸಂಸಾರದಲ್ಲಿ ಇದ್ದುಕೊಂಡೇ, ನನ್ನ ಮನೆ ಮತ್ತು ಕೆಲಸಗಳ ನಡುವೆಯೇ, ಬದುಕಿರುವ ತನಕ ಈ ದಾರಿಯಲ್ಲಿ ನಡೆಯುತ್ತೇನೆ" ಎಂದು ಬರುತ್ತದೆ. ಸಂಸಾರದಲ್ಲಿ ಇದ್ದುಕೊಂಡೇ ಎನ್ನುವಲ್ಲಿ ನನ್ನ ದನಿ ನಿಂತಿತು. ಅಂಗಳದಲ್ಲಿ ಅವಳ ಕಿವಿಯಲ್ಲಿ ಹೇಳಬೇಕಾಗಿದ್ದ ಮಾತನ್ನು ಈಗ ಮೈಕಿನಲ್ಲಿ, ಊರವರ ಎದುರಿಗೆ ಹೇಳುತ್ತಿದ್ದೆ. ಎಷ್ಟೋ ಸಲ ಆ ಸಾಲನ್ನು ಓದುವಾಗ ಧನ್ಯಳಾದೆ ಅಂದುಕೊಂಡಿದ್ದವಳು, ಆವತ್ತು ಬೇಗ ಬೇಗ ಓದಿ ಮುಗಿಸಿದೆ. ಮುಗಿಸಿ ತಿರುಗಿದಾಗ ಅವ್ವ ತಮ್ಮನ ಹೆಂಡತಿಯ ಕಡೆ ಬಗ್ಗಿ ಏನೋ ಕೇಳುತ್ತಿದ್ದಳು. ಅವಳು ಕಿವಿಯಲ್ಲಿ ಹೇಳಿದಳು. ಅವ್ವ ನೆಟ್ಟಗೆ ಕೂತಳು. ಪರಮಪ್ರಸಾದಕ್ಕೆ ಎಲ್ಲರ ಜೊತೆ ಎದ್ದು ಬಂದಳು, ನನ್ನ ಪಕ್ಕದಲ್ಲೇ ಹಾದು ಹೋದಳು, ನೋಡಲಿಲ್ಲ.

ಹೊರಗೆ ಬಂದಾಗ ಫ್ಲೆಕ್ಸ್ ಇರಲಿಲ್ಲ. ಗಂಡ ಬಿಚ್ಚಿ ಸುತ್ತಿ ಎಲ್ಲೋ ಇಟ್ಟಿದ್ದರು. ಚರ್ಚಿನ ಹಿಂದೆ ಶಾಮಿಯಾನದ ಕೆಳಗೆ ಬಿರಿಯಾನಿ ಬಡಿಸುತ್ತಿದ್ದರು. ಜನ ಬಂದು ನನ್ನ ಕೈ ಕುಲುಕಿದರು. ನನ್ನ ಕೊರಳಲ್ಲಿ ಮರದ ಪುಟ್ಟ ಶಿಲುಬೆ ಇತ್ತು, ಅದಕ್ಕೆ ಎಷ್ಟು ಕಾಲ ಕಾದಿದ್ದೆ, ಈಗ ಅದನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಪಾವಗಡದ ಹಿರಿಯರು ದೂರದಿಂದ ಒಂದು ಸಲ ನೋಡಿದರು. ಅವರೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅವ್ವ ಊಟದ ಸಾಲಿನಲ್ಲಿ ಇರಲಿಲ್ಲ. ಟೆಂಪೊದೊಳಗೆ ಒಬ್ಬಳೇ ಕೂತಿದ್ದಳು. ಒಂದು ತಟ್ಟೆಗೆ ಬಿರಿಯಾನಿ ಹಾಕಿಸಿಕೊಂಡು ಹೋದೆ. ಬಾಗಿಲ ಹತ್ತಿರ ನಿಂತು, "ಅವ್ವಾ, ಊಟ" ಎಂದೆ.

"ಅಳಿಯಂದ್ರು ಉಂಡ್ರಾ?"

"ಉಣ್ತಾ ಇದಾರೆ."

"ಇವತ್ತು ನೀನು ಮನೆಗೇ ಹೋಗಾದಾ?"

"ಹೂಂ ಕಣವ್ವ. ಮನೆಗೇ."

ಕೇರಿಯ ಹೆಂಗಸರು ಎಲೆಯಡಿಕೆ ಹಾಕಿಕೊಂಡು ಟೆಂಪೊ ಕಡೆ ಬರುತ್ತಿದ್ದರು, ನಮ್ಮನ್ನು ಕಂಡು ದೂರದಲ್ಲೇ ನಿಂತರು.

"ಹಿಂಗೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದು ಅವ್ವ ಕೇಳಿದಳು.

"ಗೊತ್ತಿತ್ತು."

"ಕಳ್ಳೆಕಾಯಿ ಬಿಡಿಸ್ತಾ ಕೂತಿದ್ವಲ್ಲ, ಅವತ್ತೂ?"

"ಅವತ್ತೂ ಗೊತ್ತಿತ್ತು. ಅದನ್ನೇ ಹೇಳೋಣ ಅಂತ ಬಂದಿದ್ದೆ ಕಣವ್ವ. ಹೇಳಿದ್ರೆ, ಇಷ್ಟಕ್ಕೆಲ್ಲ ಯಾಕೆ ಬರಬೇಕು ಅಂತ ನೀನು..." ಎಂದು ತೊದಲಿದೆ.

ಅವ್ವ ಆಗ ನನ್ನ ಮುಖ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ, ಬಯ್ದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

"ಹೇಳಿದ್ರೂ ಬತ್ತಿದ್ನಲ್ಲೇ" ಎಂದಳು. "ಅಷ್ಟೂ ಗೊತ್ತಾಗ್ನಿಲ್ವಾ ನಿಂಗೆ, ಇಷ್ಟ್ ವರ್ಸ ಆದ್ರೂ?"

ಅದು ಚುಚ್ಚು ಮಾತಾಗಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದಳು, ಉತ್ತರಕ್ಕೆ ಕಾಯುತ್ತಲೂ ಇದ್ದಳು. ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ.